ಕಾರ್ಲ್‌ಟನ್ ಚಾಪ್‌ಮನ್ ಮತ್ತು ಮುಚ್ಚಿಹೋದ ಕ್ಲಬ್ಬುಗಳು

ಸಂಚಿಕೆಯ ಸಂಪಾದಕ ಮಂಡಳಿಯವರು ನನಗೆ ಕೊಟ್ಟ ವಿಷಯ 'ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಫುಟ್‌ಬಾಲ್ ಬೆಳೆದು ಬಂದ ದಾರಿ'. ಆಗಲಿ ಎಂದು ಒಪ್ಪಿಕೊಂಡು ಮನೆಗೆ ಬಂದೆ. ಟ್ರಂಕು ತೆಗೆದು ನೋಡಿದ ಮೇಲೆ ಗೊತ್ತಾಯಿತು, ಬರೆಯುವುದಕ್ಕೆ ಬೇಕಾದ ಕಾಗದ ಒಂದೂ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ಕಡೆ ದೈಹಿಕ ಶಿಕ್ಷಕನಾಗಿ ಸೀಟಿ ಊದಿದವನು ನಾನು. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ನಲ್ಲಿ ಗೆದ್ದ ಶೀಲ್ಡುಗಳು ಆಯಾ ಶಾಲೆಗಳ ಬೀರುವಿನಲ್ಲಿವೆ, ಗೋಡೆಯ ಮೇಲೆ ಫೋಟೊಗಳಿವೆ. ಫುಟ್‌ಬಾಲಿಗೆ ಅಂತ ಇರುವುದು ಒಂದು ನೋಟ್‌ಬುಕ್ಕು. ಅದೂ ನನ್ನದೇ. ಅದರಲ್ಲಿ ತಂಡದ ಪಟ್ಟಿಗಿಂತ ಬಸ್ ಚಾರ್ಜಿನ ಲೆಕ್ಕವೇ ಹೆಚ್ಚು.

ಹಾಗಾಗಿ ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ. ನಮ್ಮ ಜಿಲ್ಲೆಯವರಲ್ಲದ, ಆದರೆ ನಮ್ಮಿಂದ ರೈಲಿನಲ್ಲಿ ಎರಡು ತಾಸಿನಷ್ಟೇ ದೂರದಲ್ಲಿ ಹುಟ್ಟಿ ಬೆಳೆದ ಒಬ್ಬ ಆಟಗಾರನ ಕಥೆ ಹಿಡಿದು ಹೊರಡುತ್ತೇನೆ. ಕಾರ್ಲ್‌ಟನ್ ಚಾಪ್‌ಮನ್. ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯ ಹುಡುಗ, ಹುಟ್ಟಿದ್ದು 1971ರ ಏಪ್ರಿಲ್ 13. ಭಾರತ ತಂಡದ ನಾಯಕನಾದವರು, ಆಮೇಲೆ ಕೋಚ್ ಆದವರು. ನಾನು ಅವರನ್ನು ಹತ್ತಿರದಿಂದ ಕಂಡವನಲ್ಲ. ದೂರದರ್ಶನದಲ್ಲಿ ನೋಡಿದ್ದು, ಪೇಪರಿನಲ್ಲಿ ಓದಿದ್ದು. ಆದರೂ ಅವರ ಬದುಕನ್ನು ಸಂಸ್ಥೆಗಳ ಹೆಸರಿನ ಮೇಲೆ ಬರೆದಿಟ್ಟು ನೋಡಿದರೆ, ನಮ್ಮಲ್ಲಿ ಏನಿರಲಿಲ್ಲ ಎನ್ನುವುದು ತಾನಾಗಿ ಕಾಣುತ್ತದೆ.

ಮೊದಲು ಒಂದು ಪದದ ಮಾತು. ಇಂಗ್ಲೆಂಡಿನಲ್ಲಿ 'ಮ್ಯಾನೇಜರ್' ಎಂದರೆ ತಂಡ ಆರಿಸುವವನು, ಆಡಿಸುವವನು, ಸೋತರೆ ಕೆಲಸ ಕಳೆದುಕೊಳ್ಳುವವನು. ನಮ್ಮ ಕಡೆ ಟೀಮ್ ಮ್ಯಾನೇಜರ್ ಅಂದರೆ ಬೇರೆಯೇ ಆಸಾಮಿ. ರೈಲಿನ ಕನ್‌ಸೆಷನ್ ಫಾರಂ ತುಂಬುವವನು, ಊಟದ ಕೂಪನ್ ಹಂಚುವವನು, ಟಿಎ ಬಿಲ್ಲಿಗೆ ರಸೀದಿ ಕೂಡಿಡುವವನು. ಆಡಿಸುವವನಿಗೆ ಕೋಚ್ ಎನ್ನುತ್ತೇವೆ. ತಾಲ್ಲೂಕು ಮಟ್ಟದಲ್ಲಿ ಇವೆರಡೂ ಒಬ್ಬನೇ, ಕಾಲು ಉಳುಕಿದವನನ್ನು ಹೊತ್ತುಕೊಂಡು ಹೋಗುವವನೂ ಅವನೇ. ನಮ್ಮ ಬಳಗದಲ್ಲಿ ಈ ಮಾತು ಓದಿ ನಗದವರು ಯಾರೂ ಇರಲಿಕ್ಕಿಲ್ಲ.

ಬೆಂಗಳೂರಿನ ಪೂರ್ವ ಭಾಗ ಫುಟ್‌ಬಾಲಿನ ತವರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅಂದು ನಮ್ಮವರು ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಅದೇ ತಂಡದ ಅಹ್ಮದ್ ಖಾನ್ ಈಸ್ಟ್ ಬೆಂಗಾಲಿನ ಹೆಸರಾಂತ ಪಂಚ ಪಾಂಡವರಲ್ಲಿ ಒಬ್ಬರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲಿ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂಗಾಳ.

ಈ ಕಡೆ, ನಮ್ಮ ಪಕ್ಕದಲ್ಲೇ, ಚಿನ್ನದ ಗಣಿಯ ಊರು ಕೆಜಿಎಫ್. ಗಣಿಯ ಸೀಟಿಯೂ ಫುಟ್‌ಬಾಲಿನ ಸೀಟಿಯೂ ಅಲ್ಲಿ ಜೊತೆಜೊತೆಗೆ ಬಂದವು. ಬ್ರಿಟಿಷ್ ಕಂಪನಿ ಇದ್ದಾಗ ಸಂಜೆ ಶಿಫ್ಟ್ ಮುಗಿಸಿ ಮೇಲೆ ಬಂದವರು ಮೈದಾನಕ್ಕೆ ಇಳಿಯುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಆಟ ಬಂಗಾರಪೇಟೆ ದಾಟಿ ಈಚೆಗೆ ಬಂದದ್ದು ಕಡಿಮೆ. ಕೋಲಾರದ ಕಡೆ ರೇಷ್ಮೆ, ಹಾಲು, ಟೊಮೆಟೊ. ಗಣಿಯಲ್ಲಿ ಶಿಫ್ಟ್ ಮುಗಿದರೆ ಸಂಜೆ ಬಿಡುವು. ಹೊಲದಲ್ಲಿ ದುಡಿಯುವ ಮನೆಯ ಹುಡುಗನಿಗೆ ಸಂಜೆ ಅಂದರೆ ಹಸು ಕರೆಯುವ ಹೊತ್ತು, ಡೇರಿಗೆ ಕ್ಯಾನು ಒಯ್ಯುವ ಹೊತ್ತು. ನಮ್ಮಲ್ಲಿ ಫುಟ್‌ಬಾಲ್ ಬೇರು ಬಿಡದ್ದಕ್ಕೆ ಜನ ಏನೇನೋ ಕಾರಣ ಹೇಳುತ್ತಾರೆ. ನನ್ನ ಕಾರಣ ಇದೇ.

ಆಟ ಇರಲೇ ಇಲ್ಲ ಎಂದೇನಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಒಂದು ಹಳೇ ಚೆಂಡಿತ್ತು, ತೊಗಲಿನದು, ಒಳಗೆ ಬ್ಲ್ಯಾಡರು. ಗಾಳಿ ತುಂಬಿ, ಬ್ಲ್ಯಾಡರಿನ ಮೂತಿಯನ್ನು ದಾರದಲ್ಲಿ ಬಿಗಿದು, ಮಡಿಸಿ ಒಳಗೆ ತುರುಕಿ, ಮೇಲೆ ಲೇಸು ಎಳೆದು ಕಟ್ಟಬೇಕು. ಕಟ್ಟಿದ ಗಂಟು ಎಷ್ಟೇ ಒತ್ತಿದರೂ ಒಂದಿಷ್ಟು ಉಬ್ಬಿಯೇ ಇರುತ್ತಿತ್ತು. ಹೆಡ್ ಮಾಡುವಾಗ ಅದು ಹಣೆಗೆ ಬಡಿದರೆ ಗೀರು ಬೀಳುವುದು ಗ್ಯಾರಂಟಿ. ಮಳೆಯಲ್ಲಿ ನೆಂದರೆ ಚೆಂಡು ಕಲ್ಲಿನಷ್ಟು ಭಾರ. ಗೋಲಿಗೆ ಎರಡು ಸರ್ವೆ ಗಳ, ಮೇಲೆ ಅಡ್ಡಪಟ್ಟಿಯ ಬದಲು ತೆಂಗಿನ ಹಗ್ಗ. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎನ್ನುವ ಜಗಳದಲ್ಲಿ ಅರ್ಧ ಆಟ ಮುಗಿಯುತ್ತಿತ್ತು. ಕೂಗಾಟವೂ ಮೂರು ಭಾಷೆಯಲ್ಲಿ. 'ಕೊಡೋ ಇಲ್ಲಿ' ಎಂದು ಒಬ್ಬ, 'ಇಟು ಇಯ್ರಾ' ಎಂದು ಇನ್ನೊಬ್ಬ, 'ಇಧರ್ ಡಾಲ್' ಎಂದು ಮತ್ತೊಬ್ಬ. ಮುಳಬಾಗಿಲಿನಲ್ಲಿ ತೆಲುಗೇ ಮುಂದು. ಚೆಂಡು ಮಾತ್ರ ಯಾರಿಗೂ ಸಿಗದೆ ಬೇಲಿಯ ಕಡೆ ಹೋಗುತ್ತಿತ್ತು.

ಮೈದಾನದ ಮಣ್ಣೂ ಆಟವನ್ನು ತಿದ್ದುತ್ತದೆ. ನಮ್ಮದು ಗರಸು. ಬಿದ್ದರೆ ಮಂಡಿ, ಮೊಣಕೈ ಎರಡೂ ಕಿತ್ತು ಬರುತ್ತವೆ. ಹಾಗಾಗಿ ಜಾರಿಬಂದು ಚೆಂಡು ಕಸಿಯುವ ಟ್ಯಾಕಲ್ ನಮ್ಮ ಹುಡುಗರು ಕಲಿಯಲೇ ಇಲ್ಲ. ನಿಂತುಕೊಂಡೇ ಆಡುತ್ತಾರೆ, ಚೆಂಡನ್ನು ಮೇಲಕ್ಕೆ ಹೊಡೆಯುತ್ತಾರೆ. ನೆಲಕ್ಕಂಟಿಸಿ ಪಾಸ್ ಕೊಟ್ಟರೆ ಕಲ್ಲಿಗೆ ತಾಗಿ ಇನ್ನೆಲ್ಲಿಗೋ ಹೋಗುತ್ತದಲ್ಲ! ಹದಿನಾಲ್ಕು ವರ್ಷ ಹೀಗೆ ಆಡಿದವನನ್ನು ಒಂದು ದಿನ ಹುಲ್ಲಿನ ಮೈದಾನದಲ್ಲಿ ನಿಲ್ಲಿಸಿ 'ಪಾಸ್ ಆಡಪ್ಪ' ಎಂದರೆ ಅವನಾದರೂ ಏನು ಮಾಡಿಯಾನು.

ಚಾಪ್‌ಮನ್‌ಗೂ ನಮ್ಮ ಹುಡುಗರಿಗೂ ದಾರಿ ಬೇರೆಯಾಗುವುದು ಇಲ್ಲಿ. ಅವರು 80ರ ದಶಕದ ನಡುವೆ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಸೇರಿದರು. ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿದರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದರು. ಆ ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ಹುಡುಗರನ್ನು ಆರಿಸಿ, ಉಳಿಯಲು ಜಾಗ, ಊಟ, ಓದು ಎಲ್ಲ ಕೊಟ್ಟು, ದಿನಾ ಆಡಿಸುವ ಏರ್ಪಾಡು ದೇಶದಲ್ಲಿ ಅದಕ್ಕೆ ಮೊದಲು ಈ ಪ್ರಮಾಣದಲ್ಲಿ ಇರಲಿಲ್ಲ. ಚಾಪ್‌ಮನ್ ಅಲ್ಲಿದ್ದಾಗ ಪಿ.ಕೆ. ಬ್ಯಾನರ್ಜಿ ತಾಂತ್ರಿಕ ನಿರ್ದೇಶಕರಾಗಿ ಬಂದರು. ಅವರೂ ದೊಡ್ಡ ಆಟಗಾರರಾಗಿದ್ದು ಕೋಚ್ ಆದವರು, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದವರು. ಒಬ್ಬ ಹುಡುಗ ಒಳ್ಳೆಯ ಆಟಗಾರನಾಗುವುದಕ್ಕೆ ಪ್ರತಿಭೆ ಬೇಕು, ಸರಿ. ಪ್ರತಿಭೆ ಇದ್ದ ಹುಡುಗರನ್ನು ನಾನು ಶ್ರೀನಿವಾಸಪುರದಲ್ಲೂ ನೋಡಿದ್ದೇನೆ. ಅವರಿಗೆ ಹೋಗಲು ಜಮ್‌ಶೆಡ್‌ಪುರ ಇರಲಿಲ್ಲ.

1993ರಲ್ಲಿ ಚಾಪ್‌ಮನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷ ನಡೆದದ್ದು ಭಾರತದ ಕ್ಲಬ್ ಫುಟ್‌ಬಾಲಿನ ಚರಿತ್ರೆಯಲ್ಲಿ ಉಳಿಯುವಂಥದ್ದು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಎದುರಾಳಿ ಇರಾಕಿನ ಅಲ್ ಜವ್ರಾ. ಇರಾಕ್ 1986ರ ವಿಶ್ವಕಪ್ ಆಡಿದ ದೇಶ, ಅಲ್ ಜವ್ರಾ ಅಲ್ಲಿಯ ದೊಡ್ಡ ಕ್ಲಬ್. ಈಸ್ಟ್ ಬೆಂಗಾಲ್ ಗೆದ್ದದ್ದು 6-2ರಿಂದ. ಚಾಪ್‌ಮನ್‌ಗೆ ಹ್ಯಾಟ್ರಿಕ್. ವಯಸ್ಸು 22. ಅವರು ಗೋಲು ಹೊಡೆಯುವುದೇ ಕೆಲಸವಾದ ಫಾರ್ವರ್ಡ್ ಅಲ್ಲ, ಮಿಡ್‌ಫೀಲ್ಡರ್. ಆಟದ ನಡುಮನೆಯಲ್ಲಿ ನಿಂತು ಚೆಂಡು ಹಂಚುವವರು. ಬಡಿಸಲು ನಿಂತವನೇ ಪಂಕ್ತಿಯಲ್ಲಿ ಕೂತು ಮೂರು ಹೋಳಿಗೆ ತಿಂದ ಹಾಗೆ! ಆದರೆ ಆಟ ಬಲ್ಲವರು ಅವರನ್ನು ನೆನೆಯುವುದು ಆ ಗೋಲುಗಳಿಗಿಂತ ಅವರು ಮುಂದಿನವರಿಗೆ ಕೊಟ್ಟ ಪಾಸುಗಳಿಗೆ.

ಆ ಪಾಸುಗಳನ್ನು ತಿಂದು ತೇಗಿದ ಕ್ಲಬ್ ಜೆಸಿಟಿ. ಪಂಜಾಬಿನ ಫಗ್ವಾಡದ ಬಟ್ಟೆ ಗಿರಣಿಯ ತಂಡ. 1995ರಲ್ಲಿ ಚಾಪ್‌ಮನ್ ಅಲ್ಲಿಗೆ ಹೋದರು. ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ನಮ್ಮ ಚಾಪ್‌ಮನ್, ಮೂರು ದಿಕ್ಕಿನ ಮೂವರು ಒಂದು ಗಿರಣಿಯ ಜರ್ಸಿ ತೊಟ್ಟು ಗೆದ್ದ ಟೂರ್ನಿಗಳಿಗೆ ಲೆಕ್ಕ ಇಡುವುದು ಕಷ್ಟ. 1996-97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಮೊದಲ ಬಾರಿಗೆ ನಡೆದಾಗ ಚಾಂಪಿಯನ್ ಆದದ್ದೂ ಜೆಸಿಟಿಯೇ. 1997ರಲ್ಲೇ ಭಾರತ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್ ಆಯಿತು, ಚಾಪ್‌ಮನ್ ಆ ತಂಡದಲ್ಲೂ ಇದ್ದರು. ಆ ವರ್ಷವೇ ಎಫ್‌ಸಿ ಕೊಚ್ಚಿನ್‌ಗೆ ಹೋದರು, ಹೊಸ ಕ್ಲಬ್ಬು ಹುಟ್ಟಿದ ವರ್ಷವೇ ಡ್ಯುರಾಂಡ್ ಕಪ್ ಗೆದ್ದಿತು. ಒಂದೇ ಸೀಸನ್ ಆಡಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಚಾಪ್‌ಮನ್ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ವಯಸ್ಸು ಮೂವತ್ತು.

2001 ಎಂದರೆ ನಮ್ಮ ಜಿಲ್ಲೆಯವರಿಗೆ ಬೇರೆ ನೆನಪು. ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದ ಗಣಿ. ಗಣಿಯ ಜೊತೆಗೆ ಅದರ ಕ್ರೀಡೆಯೂ ಸೊರಗಿತು. ನೆರಳು ಕೊಡುವ ಕಂಪನಿ ಇಲ್ಲದ ಮೇಲೆ ತಂಡಕ್ಕೆ ಬೂಟು ಯಾರು ಕೊಡಿಸುತ್ತಾರೆ? ಇದು ನಮ್ಮ ಊರಿನ ಶಾಪ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗೇನಿಲ್ಲ. ಚಾಪ್‌ಮನ್ ಆಡಿದ ಕ್ಲಬ್ಬುಗಳ ಕಡೆ ನೋಡಿ. ಎಫ್‌ಸಿ ಕೊಚ್ಚಿನ್ ಐದಾರು ವರ್ಷದಲ್ಲೇ ಸಾಲ ಹೊತ್ತು ಮುಗಿಯಿತು. ಜೆಸಿಟಿ ತನ್ನ ಫುಟ್‌ಬಾಲ್ ತಂಡವನ್ನು 2011ರಲ್ಲಿ ವಿಸರ್ಜಿಸಿತು. ದೇಶದ ಮೊದಲ ಲೀಗ್ ಗೆದ್ದ ತಂಡಕ್ಕೆ ಉಳಿದ ಆಯಸ್ಸು ಹದಿನಾಲ್ಕು ವರ್ಷ. ಬೆಂಗಳೂರಿನಲ್ಲೂ ಐಟಿಐ, ಎಚ್‌ಎಎಲ್ ತಂಡಗಳು ರಾಷ್ಟ್ರೀಯ ಲೀಗ್‌ವರೆಗೆ ಹೋಗಿ ಹಿಂದೆ ಸರಿದವು. ಕಾರ್ಖಾನೆ ನೌಕರಿ ಕೊಟ್ಟು ಆಟಗಾರನನ್ನು ಸಾಕುವ ಕಾಲವೇ ಮುಗಿದಿತ್ತು. ಆ ಕಾಲಕ್ಕೆ ಬೈಯುವವರು ಇದ್ದಾರೆ, ನಾನು ಬೈಯಲಾರೆ. ಬೆಳಿಗ್ಗೆ ಎರಡು ತಾಸು ಪ್ರಾಕ್ಟೀಸ್, ಆಮೇಲೆ ಕ್ಯಾಂಟೀನಿನಲ್ಲಿ ತಿಂಡಿ, ತಿಂಗಳ ಕೊನೆಗೆ ಸಂಬಳ, ನಿವೃತ್ತಿಗೆ ಪಿಎಫ್. ಆಟದಿಂದ ಇಷ್ಟು ಸಿಕ್ಕಿದ್ದರೆ ನನ್ನ ಹುಡುಗರಲ್ಲಿ ಹಲವರು ಆಟ ಬಿಡುತ್ತಿರಲಿಲ್ಲ.

ಆಟ ನಿಲ್ಲಿಸಿದ ಚಾಪ್‌ಮನ್ ಮರುವರ್ಷವೇ ಜಮ್‌ಶೆಡ್‌ಪುರಕ್ಕೆ ಕೋಚ್ ಆಗಿ ವಾಪಸು ಹೋದರು. ಕಲಿತ ಶಾಲೆಗೇ ಮೇಷ್ಟರಾದ ಹಾಗೆ. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ. ಹಳೆಯ ಹೆಸರಿನ ಕ್ಲಬ್, ಆದರೆ ಆಗ ಎರಡನೇ ದರ್ಜೆಯ ಲೀಗಿನಲ್ಲಿತ್ತು. ಅವರ ಕೈಕೆಳಗೆ ಆ ತಂಡ ಶಿಲ್ಲಾಂಗಿನ ಲೀಗನ್ನೂ ಅಸ್ಸಾಮಿನ ಬರ್ದೊಲೋಯ್ ಟ್ರೋಫಿಯನ್ನೂ ಗೆದ್ದಿತು. ಅವರು ಬಿಟ್ಟುಬಂದ ಕೆಲವು ವರ್ಷಗಳಿಗೆ, 2014-15ರಲ್ಲಿ, ಅದೇ ಕ್ಲಬ್ ಐ-ಲೀಗ್‌ಗೆ ಬಂದು ಮೊದಲ ವರ್ಷವೇ ಮೂರನೇ ಸ್ಥಾನ ಪಡೆಯಿತು. ಆಗ ಕೋಚ್ ಬೇರೆಯವರು, ಪೇಪರಿನಲ್ಲಿ ಅವರ ಹೆಸರು ಬಂತು, ಬರಬೇಕಾದದ್ದೇ. ಆದರೆ ಗಿಡ ನೆಟ್ಟು ನೀರು ಹೊತ್ತವನ ಹೆಸರು ಹಣ್ಣಿನ ಬುಟ್ಟಿಯ ಮೇಲೆ ಇರುವುದಿಲ್ಲ ಎನ್ನುವುದನ್ನು ಶ್ರೀನಿವಾಸಪುರದ ಮಾವಿನ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ವರ್ಷ ಕಳೆಯುವುದರೊಳಗೆ ವಾಹಿಂಗ್ಡೋ ಕೂಡ ರಾಷ್ಟ್ರೀಯ ಲೀಗಿನಿಂದ ಹೊರಬಂತು.

ವಾಹಿಂಗ್ಡೋ ಬಿಟ್ಟ ಮೇಲೆ ಚಾಪ್‌ಮನ್ ಕಂಡ ಕ್ಲಬ್ಬುಗಳು ಇವು: ಕಲ್ಕತ್ತೆಯ ಭವಾನಿಪುರ್, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, 2017ರಲ್ಲಿ ದೆಹಲಿಯ ಸುದೇವ, ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್ಬಿನಲ್ಲಿ ತಾಂತ್ರಿಕ ನಿರ್ದೇಶಕ. ಭಾರತದ ನಾಯಕನಾಗಿದ್ದವರಿಗೆ ದೊಡ್ಡ ಕ್ಲಬ್ಬುಗಳ ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಅವರ ಅಭಿಮಾನಿಗಳು ಕೇಳುತ್ತಾರೆ. 2014ರಲ್ಲಿ ಬಂದ ಸೂಪರ್ ಲೀಗ್‌ನ ತಂಡಗಳು ಮುಖ್ಯ ಕೋಚ್ ಹುದ್ದೆಗೆ ಸ್ಪೇನ್, ಇಂಗ್ಲೆಂಡ್, ಪೋರ್ಚುಗಲ್ ಕಡೆ ನೋಡಿದವು. ನಮ್ಮವರಿಗೆ ಸಹಾಯಕನ ಕುರ್ಚಿ. ನನಗಂತೂ ಇದು ಸರಿ ಎನಿಸಿಲ್ಲ. ಆದರೆ ಚಾಪ್‌ಮನ್ ಮಾಡಿದ ಕೆಲಸದಲ್ಲಿ ನಮ್ಮಂಥ ಜಿಲ್ಲೆಗೆ ಹೆಚ್ಚು ಬೇಕಾದದ್ದು ಇದೇ ಎರಡನೇ ದರ್ಜೆಯ ಕೆಲಸ. ಅಲ್ಲಿ ತಂಡಕ್ಕೆ ಸ್ಟಾರ್ ಇರುವುದಿಲ್ಲ, ಟಿವಿ ಇರುವುದಿಲ್ಲ. ಹದಿನೇಳರ ಹುಡುಗನಿಗೆ ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುವುದನ್ನು ಅಭ್ಯಾಸ ಮಾಡಿಸಬೇಕು. ನೂರು ಸಲ ಹೇಳಬೇಕು, ನೂರ ಒಂದನೇ ಸಲ ಅವನು ನೋಡುತ್ತಾನೆ.

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ದರಿಂದ ನಾನೂ ಹೇಳಿಕೊಡಲಿಲ್ಲ. ನನ್ನ ದೈಹಿಕ ಶಿಕ್ಷಣದ ತರಬೇತಿಯಲ್ಲಿ ಫುಟ್‌ಬಾಲ್ ಅಂದರೆ ಮೈದಾನದ ಅಳತೆ ಬಾಯಿಪಾಠ. ತೊಂಬತ್ತರ ದಶಕದಲ್ಲಿ ಒಂದು ಸಲ ತಾಲ್ಲೂಕು ಗೆದ್ದ ಹುಡುಗರನ್ನು ಕರೆದುಕೊಂಡು ಮೇಲಿನ ಹಂತದ ಕ್ರೀಡಾಕೂಟಕ್ಕೆ ಹೋಗಿದ್ದೆ. ಗೋಲ್‌ಕೀಪರ್‌ಗೆ ಮಾತ್ರ ಕ್ಯಾನ್ವಾಸ್ ಶೂ ಇತ್ತು. ಬೂಟಿಲ್ಲದವರನ್ನು ಇಳಿಸುವುದಿಲ್ಲ ಎಂದರು ಅಲ್ಲಿಯ ಅಧಿಕಾರಿ. ನಿಯಮ ಅವರ ಕಡೆಗೇ ಇತ್ತು. 1948ರ ಕಥೆ ಹೇಳಿ ನೋಡಿದೆ, ಕೇಳಲಿಲ್ಲ. ಕೊನೆಗೆ ಆಡಿ ಮುಗಿಸಿದ ತಂಡದವರ ಹತ್ತಿರ ಬೇಡಿ ಹತ್ತು ಜೊತೆ ಹೊಂದಿಸಿದೆವು. ಐದನೇ ನಂಬರ್ ಕಾಲಿಗೆ ಏಳನೇ ನಂಬರ್ ಬೂಟು, ತುದಿಗೆ ಪೇಪರು ತುರುಕಿ. ಅರ್ಧ ಆಟಕ್ಕೆ ಮಳೆ ಬಂತು, ಪೇಪರು ಮುದ್ದೆಯಾಯಿತು. ನಮ್ಮ ಒಳ್ಳೆಯ ಆಟಗಾರ, ಮಾಲೂರಿನ ಹಂಚಿನ ಕಾರ್ಖಾನೆಯ ಕೂಲಿಯವರ ಮಗ, ಪೆನಾಲ್ಟಿ ಹೊಡೆದಾಗ ಚೆಂಡಿಗಿಂತ ಮುಂದೆ ಬೂಟು ಹೋಯಿತು. ಮೈದಾನವೆಲ್ಲ ನಕ್ಕಿತು, ಅವನೂ ನಕ್ಕ. ಐದು ಗೋಲಿಗೆ ಸೋತು ಬಂದೆವು. ಬಸ್ಸಿನಲ್ಲಿ ಅವನು ಮಾತಾಡಲಿಲ್ಲ. ಮುಂದಿನ ವರ್ಷ ಕಬಡ್ಡಿಗೆ ಹೆಸರು ಕೊಟ್ಟ.

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ನಮ್ಮ ಹನ್ನೊಂದು ತಾಲ್ಲೂಕು ಐದಕ್ಕೆ ಇಳಿಯಿತು. ಆಡಳಿತಕ್ಕೆ ಒಳ್ಳೆಯದೇ ಆಯಿತೇನೋ, ಆಟಕ್ಕೆ ನಷ್ಟ. ಜಿಲ್ಲಾ ಮಟ್ಟದಲ್ಲಿ ಎದುರಾಳಿಗಳೇ ಕಡಿಮೆಯಾದರು. ಚಿಂತಾಮಣಿ, ಗೌರಿಬಿದನೂರಿನ ತಂಡಗಳು ಅತ್ತ ಹೋದವು. ಉಳಿದವರಲ್ಲಿ ಕೆಜಿಎಫ್ ಹುಡುಗರು ಬಂದರೆ ಮಿಕ್ಕ ತಾಲ್ಲೂಕಿನವರು ಎರಡನೇ ಸ್ಥಾನಕ್ಕೆ ಆಡುವ ಪರಿಸ್ಥಿತಿ.

ಈಗ ಒಂದಿಷ್ಟು ಬದಲಾಗಿದೆ. ಮಾಲೂರು ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬಂದ ಈಶಾನ್ಯದ ಹುಡುಗರು ಭಾನುವಾರ ಸಂಜೆ ಆಡುವುದನ್ನು ನಿಂತು ನೋಡಿದ್ದೇನೆ. ನೆಲಕ್ಕಂಟಿಸಿಯೇ ಆಡುತ್ತಾರೆ, ಅದೇ ಗರಸಿನ ಮೇಲೆ. ನಾನು ಮಣ್ಣಿನ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ನನ್ನದೇ ಎಂದು ಅವತ್ತು ಅನ್ನಿಸಿತು. ಕಲಿಸಿದವರಿದ್ದರೆ ಗರಸಿನ ಮೇಲೂ ಪಾಸ್ ಓಡುತ್ತದೆ.

ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲಿ ತೀರಿಕೊಂಡರು. 49 ವರ್ಷ. ಅವರು ಎರಡು ಸಲ ಆಡಿದ ಈಸ್ಟ್ ಬೆಂಗಾಲಿಗೆ ಅದೇ ವರ್ಷದ ಆಗಸ್ಟ್ ಒಂದರಂದು ನೂರು ತುಂಬಿತ್ತು. ಕೊರೊನಾ ಕಾಲ, ಮೈದಾನಗಳೆಲ್ಲ ಬೀಗ. ಅದಾಗಿ ಎರಡೂವರೆ ವರ್ಷಕ್ಕೆ, 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ 3, ಮೇಘಾಲಯ 2. 54 ವರ್ಷದ ಮೇಲೆ ಟ್ರೋಫಿ ನಮ್ಮ ರಾಜ್ಯಕ್ಕೆ ಬಂತು. ಒಂದು ಕಡೆ ಅವರು ಹುಟ್ಟಿದ ರಾಜ್ಯ, ಇನ್ನೊಂದು ಕಡೆ ಅವರು ಕೋಚ್ ಆಗಿ ಹೆಸರು ಮಾಡಿದ ರಾಜ್ಯ. ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದರೋ.

ಮತ್ತೆ ನನ್ನ ನೋಟ್‌ಬುಕ್ಕಿಗೆ ಬರುತ್ತೇನೆ. ಜೆಸಿಟಿ ಮುಚ್ಚಿದರೂ ಅದು ಗೆದ್ದದ್ದು ಪೇಪರಿನಲ್ಲಿದೆ, ದಾಖಲೆಯಲ್ಲಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಗ್ಗ ಕಟ್ಟಿ ಆಡಿದವರದ್ದು ಎಲ್ಲೂ ಇಲ್ಲ. ಈ ಸಂಚಿಕೆ ಓದುವವರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಫುಟ್‌ಬಾಲ್ ತಂಡದ ಗ್ರೂಪ್ ಫೋಟೊ, ತಾಲ್ಲೂಕು ಮಟ್ಟದ ಸರ್ಟಿಫಿಕೇಟು, ಟೂರ್ನಮೆಂಟಿನ ಕರಪತ್ರ ಇದ್ದರೆ ದಯವಿಟ್ಟು ತನ್ನಿ. ಹರಿದಿದ್ದರೂ, ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ. ನಕಲು ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ವಾಪಸು ಕೊಡುತ್ತೇವೆ. ಫೋಟೊದ ಹಿಂದೆ ನಿಂತವರ ಹೆಸರು, ಊರು, ವರ್ಷ ಬರೆದು ಕೊಡಿ. ಅಂಚಿನಲ್ಲಿ ಸೀಟಿ ನೇತುಹಾಕಿಕೊಂಡು ನಿಂತ ಮೇಷ್ಟರ ಹೆಸರನ್ನೂ ಬರೆಯಿರಿ.